ಟೀಮಿಗೆ ಬೇಕೇ ಬೇಕು ಅನ್ನಿಸೋ ಆಲ್‌ರೌಂಡರ್ ಆಗೋದು ಹೇಗೆ

20 ಓವರ್ ಮ್ಯಾಚು, ಹನ್ನೊಂದನೇ ಓವರ್ ಮುಗಿದಿದೆ ಅಂದ್ಕೊಳ್ಳಿ. ಎದುರಿನ ಟೀಮ್ ಎರಡೇ ವಿಕೆಟ್ಟಿಗೆ 90 ಹೊಡ್ದು ಕೂತಿದೆ, ಕ್ರೀಸಲ್ಲಿರೋ ಇಬ್ಬರೂ ಸೆಟ್ ಆಗ್ಬಿಟ್ಟಿದಾರೆ, ನಮ್ಮ ಮೇನ್ ಬೌಲರ್‌ಗಳ ಓವರನ್ನ ಕೊನೇಗೆ ಬೇಕು ಅಂತ ಎತ್ತಿಟ್ಟಾಗಿದೆ, ಮೂರನೆಯವನು ಈಗ ತಾನೇ ಒಂದೇ ಓವರಲ್ಲಿ 16 ಕೊಟ್ಟು ತಲೆ ತಗ್ಗಿಸ್ಕೊಂಡು ಬೌಂಡರಿ ಕಡೆ ಹೋಗ್ತಿದಾನೆ. ಕ್ಯಾಪ್ಟನ್ ಬಾಲ್ ಕೈಯಲ್ಲಿ ಹಿಡ್ಕೊಂಡು ಸುತ್ತ ಒಂದ್ಸಲ ಕಣ್ಣು ಹಾಯಿಸ್ತಾನೆ. ಆ ಕಣ್ಣು ಯಾರ ಮೇಲೆ ಹೋಗಿ ನಿಲ್ಲುತ್ತೋ ಅವನೇ ಆ ಟೀಮಿನ ಆಲ್‌ರೌಂಡರ್, ಸ್ಕೋರ್ ಶೀಟಲ್ಲಿ ಅವನ ಹೆಸರ ಮುಂದೆ ಏನು ಬರ್ದಿದೆ ಅನ್ನೋದು ಆಮೇಲಿನ ಮಾತು.

ನಾನು ಸುಮಾರು ವರ್ಷ ವೀಕೆಂಡ್ ಕ್ರಿಕೆಟ್ ಆಡಿದೀನಿ, ಅದರಲ್ಲಿ ಕೆಲವು ಸೀಸನ್ ಕ್ಯಾಪ್ಟನ್ ಕೂಡ ಆಗಿದ್ದೆ, ಹಾಗಾಗಿ ಆ ಕಣ್ಣು ಹಾಯಿಸೋ ಕೆಲಸ ನಾನೇ ಮಾಡಿದೀನಿ. ಆಲ್‌ರೌಂಡರ್ ಅಂದ ತಕ್ಷಣ ಎಲ್ಲರ ತಲೇಲಿ ಬರೋದು ಸೆಂಚುರಿನೂ ಹೊಡ್ದು ಐದು ವಿಕೆಟ್ಟೂ ಕೀಳೋನು. ದೊಡ್ಡ ಮಟ್ಟದಲ್ಲಿ ಅಂಥವರು ಇದ್ರು, ಗ್ಯಾರಿ ಸೋಬರ್ಸ್ 93 ಟೆಸ್ಟಲ್ಲಿ 8,032 ರನ್ನೂ 235 ವಿಕೆಟ್ಟೂ ಮಾಡಿದ್ರು, ಫಾಸ್ಟೂ ಹಾಕೋರು, ಎರಡು ಥರದ ಸ್ಪಿನ್ನೂ ಹಾಕೋರು, ಅಂಥ ಆಟಗಾರ ತಲೆಮಾರಿಗೊಬ್ಬ ಹುಟ್ಟಿದ್ರೆ ಹೆಚ್ಚು. ಅಮೆಚೂರ್ ಟೀಮಿಗೆ ಬೇಕಿರೋದು 4 ಓವರಿಗೆ 24 ಕೊಟ್ಟು ಒಂದು ವಿಕೆಟ್ ತಗೊಂಡು, ಏಳನೇ ನಂಬರಲ್ಲಿ ಬಂದು 18 ಬಾಲಿಗೆ 21 ಹೊಡ್ದು, ಒಂದು ಕ್ಯಾಚ್ ಹಿಡ್ದು, ಒಂದು ರನ್ ಔಟಲ್ಲಿ ಕೈ ಹಾಕಿ, ಇದನ್ನ ಹೆಚ್ಚು ಕಮ್ಮಿ ವಾರ ವಾರವೂ ಮಾಡೋನು. ಇದಕ್ಕೆ ಹುಟ್ಟಾ ಪ್ರತಿಭೆ ಬೇಕಿಲ್ಲ, ಕಲೀಬಹುದು, ಹೇಗೆ ಅಂತ ನನಗೆ ಗೊತ್ತಿರೋಷ್ಟು ಕೆಳಗೆ ಬರೀತೀನಿ.

ಹೆಜ್ಜೆ 1: ನಿಮ್ಮ ಮೇನ್ ಆಟ ಯಾವುದು ಅಂತ ಮೊದಲು ತೀರ್ಮಾನ ಮಾಡಿ

ಎರಡು ದೋಣಿ ಮೇಲೆ ಕಾಲಿಟ್ಟೋರ ಕಥೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಬ್ಯಾಟಿಂಗೂ ಅಷ್ಟಕ್ಕಷ್ಟೆ ಬೌಲಿಂಗೂ ಅಷ್ಟಕ್ಕಷ್ಟೆ ಇದ್ರೆ ಟೀಮಲ್ಲಿ ಜಾಗ ಸಿಗುತ್ತೆ ಆದ್ರೆ ಕೆಲಸ ಸಿಗಲ್ಲ, ಎಂಟನೇ ನಂಬರಲ್ಲಿ ಇಳಿಸ್ತಾರೆ, ಒಂದೇ ಒಂದು ಓವರ್ ಕೊಡ್ತಾರೆ, ಅದರಲ್ಲಿ ಎರಡು ಬೌಂಡರಿ ಹೋದ್ರೆ ಮುಗೀತು. ದೊಡ್ಡ ಆಲ್‌ರೌಂಡರ್‌ಗಳನ್ನೇ ನೋಡಿ, ಜಾಕ್ ಕಾಲಿಸ್ 13,289 ಟೆಸ್ಟ್ ರನ್ ಹೊಡೆದ ಬ್ಯಾಟ್ಸ್‌ಮನ್, ಅದರ ಜೊತೆ 292 ವಿಕೆಟ್. ಕಪಿಲ್ ದೇವ್ 434 ವಿಕೆಟ್ ತೆಗೆದ ಬೌಲರ್, ಅದರ ಜೊತೆ 5,248 ರನ್. ಇಬ್ಬರಿಗೂ ಒಂದು ಆಟ ಅನ್ನ ಹಾಕ್ತು, ಇನ್ನೊಂದು ಅದರ ಮೇಲೆ ಬಂತು.

ನಿಮ್ಮದು ಯಾವುದು ಅಂತ ಗೊತ್ತಾಗೋಕೆ ಒಂದು ಸುಲಭದ ಪರೀಕ್ಷೆ ಇದೆ. ನಾಳೆ ಭುಜ ನೋವು, ಬೌಲಿಂಗ್ ಮಾಡೋಕಾಗಲ್ಲ ಅಂತ ಇಟ್ಕೊಳ್ಳಿ, ಬರೀ ಬ್ಯಾಟ್ಸ್‌ಮನ್ ಅಂತ ನಿಮ್ಮನ್ನ ಟೀಮಿಗೆ ತಗೋತಾರಾ? ಹೌದು ಅಂದ್ರೆ ಅದೇ ಮೇನ್. ಉಲ್ಟಾನೂ ಕೇಳ್ಕೊಳ್ಳಿ. ಎರಡಕ್ಕೂ ಉತ್ತರ ಇಲ್ಲ ಅಂತ ಬಂದ್ರೆ ಬೇಜಾರಾಗಬೇಡಿ, ಯಾವುದು ಹತ್ತಿರದಲ್ಲಿದೆಯೋ ಅದನ್ನ ಮುಂದಿನ ಆರು ತಿಂಗಳು ಹಿಡಿದು ತಿದ್ದಿ. ಮನಸ್ಸಿಗೆ ಅನ್ಸೋದನ್ನ ಮಾತ್ರ ನಂಬಬೇಡಿ, ಟೀಮಿನ ಸ್ಕೋರ್ ಬುಕ್ ತಗೊಂಡು ಕಳೆದ ಹತ್ತು ಮ್ಯಾಚು ನೋಡಿ. ಎಷ್ಟು ರನ್ ಅನ್ನೋದಕ್ಕಿಂತ ಎಷ್ಟು ಬಾಲ್ ತಗೊಂಡ್ರಿ, ಅದರಲ್ಲಿ ಡಾಟ್, ಅಂದ್ರೆ ರನ್ನೇ ಬರದ ಬಾಲ್ ಎಷ್ಟು, ಬೌಲಿಂಗಲ್ಲಿ ವೈಡ್ ಎಷ್ಟು ಅಂತ ಎಣಿಸಿ, ನಿಜ ಅಲ್ಲಿ ಕೂತಿರುತ್ತೆ.

ಮೇನ್ ಆಟಕ್ಕೆ ಪ್ರಾಕ್ಟೀಸಿನ ಅರ್ಧಕ್ಕಿಂತ ಹೆಚ್ಚು ಟೈಮ್ ಕೊಡಿ. ಎರಡನೇ ಆಟದಲ್ಲಿ ಗುರಿ ಒಂದೇ ಇರ್ಲಿ, ಟೀಮಿಗೆ ನಷ್ಟ ಆಗಬಾರದು. ಅದು ಸಣ್ಣ ಗುರಿ ಥರ ಕಾಣುತ್ತೆ ಆದ್ರೆ ಅಮೆಚೂರ್ ಮಟ್ಟದಲ್ಲಿ ನಷ್ಟ ಮಾಡದೇ ಇರೋನೇ ಅರ್ಧ ಮ್ಯಾಚ್ ಗೆಲ್ಲಿಸಿಕೊಡ್ತಾನೆ.

ಹೆಜ್ಜೆ 2: ಆರು ಬಾಲನ್ನ ಒಂದೇ ಜಾಗಕ್ಕೆ ಹಾಕೋದು ಕಲೀರಿ

ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ ಯಾಕಂದ್ರೆ ನಾನು ನೋಡಿರೋ ಹೆಚ್ಚಿನ ಟೀಮುಗಳು ಸೋತಿರೋದು ಇಲ್ಲೇ.

ಒಂದು ಲೆಕ್ಕ ನೋಡಿ. ಒಂದು ಇನ್ನಿಂಗ್ಸಲ್ಲಿ 15 ವೈಡ್ ಹೋಯ್ತು ಅಂದ್ರೆ ಎಲ್ಲರೂ 15 ರನ್ ಹೋಯ್ತು ಅಂತಾರೆ. ಆ 15 ಬಾಲನ್ನ ಮತ್ತೆ ಹಾಕ್ಬೇಕಲ್ಲ, ಅದು ಎರಡೂವರೆ ಓವರ್, ಓವರಿಗೆ 8 ಅಂದ್ರೂ ಇನ್ನೊಂದು 20 ರನ್. ಒಟ್ಟು 35. ಅಷ್ಟರಲ್ಲಿ ಎಷ್ಟು ಮ್ಯಾಚ್ ಕೈ ಬಿಟ್ಟು ಹೋಗಿಲ್ಲ! ಹಾಗಾಗಿ ವೈಡೇ ಹಾಕದ ಮೀಡಿಯಂ ಪೇಸರ್ ಅಥವಾ ಸ್ಪಿನ್ನರ್ ಅಂದ್ರೆ, ಸ್ಪೀಡ್ ಇಲ್ದೇ ಇದ್ರೂ ಟರ್ನ್ ಆಗ್ದೇ ಇದ್ರೂ, ಟೀಮಿಗೆ ಬಂಗಾರ.

ಮೊದಲು ರನ್ ಅಪ್ ಅಳತೆ ಮಾಡ್ಕೊಳ್ಳಿ. ಪಾಪಿಂಗ್ ಕ್ರೀಸ್, ಅಂದ್ರೆ ಸ್ಟಂಪಿನ ಮುಂದಿರೋ ಗೆರೆ, ಅದರ ಹತ್ರ ನಿಂತು ಬ್ಯಾಟ್ಸ್‌ಮನ್‌ಗೆ ಬೆನ್ನು ಹಾಕಿ ನಿಮ್ಮ ಮಾಮೂಲಿ ಸ್ಪೀಡಲ್ಲಿ ಹಿಂದಕ್ಕೆ ಓಡಿ, ಸಹಜವಾಗಿ ಬಾಲ್ ಬಿಡೋ ಹಾಗೆ ಆ್ಯಕ್ಷನ್ ಮಾಡಿ, ಮುಂದಿನ ಕಾಲು ಎಲ್ಲಿ ಬಿತ್ತು ಅಂತ ಗೆಳೆಯನೊಬ್ಬ ಗುರುತು ಹಾಕ್ಲಿ. ಇದನ್ನ ಐದು ಸಲ ಮಾಡಿ, ಗುರುತು ಹೆಚ್ಚು ಎಲ್ಲಿ ಸೇರ್ಕೊಂಡಿದೆಯೋ ಅದೇ ನಿಮ್ಮ ಜಾಗ, ಅಲ್ಲಿಂದ ಕ್ರೀಸಿಗೆ ಎಷ್ಟು ಹೆಜ್ಜೆ ಅಂತ ಎಣಿಸಿ ನೆನಪಿಟ್ಕೊಳ್ಳಿ. ನಮ್ಮ ಟೀಮಿನ ಏಳನೇ ನಂಬರಿನವನೊಬ್ಬ ಇದ್ದ, ಅವನು ಬಾಲ್ ಕೈಗೆ ಬಂದ ತಕ್ಷಣ ಯಾರ ಜೊತೆನೂ ಮಾತಾಡ್ತಿರ್ಲಿಲ್ಲ, ಬೂಟಿನ ಹಿಮ್ಮಡಿಗೆ ಮುಂದಿನ ಬೂಟಿನ ತುದಿ ಮುಟ್ಟಿಸ್ಕೊಂಡು ಒಂದೊಂದೇ ಹೆಜ್ಜೆ ಇಡ್ತಾ 34 ಎಣಿಸಿ ಅಲ್ಲಿ ಸ್ಪೈಕಲ್ಲಿ ಒಂದು ಗೆರೆ ಎಳೆಯೋನು, ಆಮೇಲೆ ತಿರುಗಿ ಫೀಲ್ಡ್ ನೋಡೋನು. ಗಾಳಿ ಎದುರಿಂದ ಬಂದ್ರೆ ಒಂದು ಪಾದ ಒಳಗೆ, ಹಿಂದಿಂದ ಬಂದ್ರೆ ಒಂದು ಪಾದ ಹೊರಗೆ. ನಾಲ್ಕು ಸೀಸನ್ನಲ್ಲಿ ಅವನು ಕ್ರೀಸ್ ದಾಟಿ ನೋಬಾಲ್ ಹಾಕಿದ್ದು ನನಗೆ ನೆನಪಿಲ್ಲ. ಈಗ ಸುಮಾರು ಟೂರ್ನಮೆಂಟಲ್ಲಿ ನೋಬಾಲಿಗೆ ಫ್ರೀ ಹಿಟ್ ಇರೋದ್ರಿಂದ ಈ 34 ಪಾದದ ಬೆಲೆ ಇನ್ನೂ ಜಾಸ್ತಿ ಆಗಿದೆ.

ಇನ್ನು ಗ್ರಿಪ್ಪು. ಮೀಡಿಯಂ ಪೇಸ್ ಆದ್ರೆ ಸೀಮ್, ಅಂದ್ರೆ ಬಾಲಿನ ಹೊಲಿಗೆ, ನೆಟ್ಟಗೆ ನಿಲ್ಲಿಸಿ, ತೋರುಬೆರಳು ಮಧ್ಯದ ಬೆರಳು ಸೀಮಿನ ಆ ಕಡೆ ಈ ಕಡೆ, ಹೆಬ್ಬೆರಳು ಕೆಳಗೆ ಸೀಮಿನ ಮೇಲೇ ಕೂತಿರ್ಲಿ. ಬಾಲ್ ಅಂಗೈಗೆ ತಾಗಬಾರದು, ಬಾಲಿಗೂ ಅಂಗೈಗೂ ನಡುವೆ ಬೆಳಕು ಕಾಣಬೇಕು. ಬಿಡುವಾಗ ಕೊನೇಗೆ ಬಾಲನ್ನ ಬಿಟ್ಟು ಕೊಡೋದು ಆ ಎರಡು ಬೆರಳಿನ ತುದಿ, ಅದು ನೇರವಾಗಿ ಕೆಳಗೆ ಎಳೆದ್ರೆ ಸೀಮ್ ಅಲುಗಾಡ್ದೆ ಹೋಗುತ್ತೆ, ಪಿಚ್ಚಿಗೆ ಸೀಮ್ ಬಿದ್ದಾಗ ಅದು ಆ ಕಡೆ ಹೋಗುತ್ತೋ ಈ ಕಡೆ ಬರುತ್ತೋ ನಿಮಗೂ ಗೊತ್ತಿರಲ್ಲ, ಬ್ಯಾಟ್ಸ್‌ಮನ್‌ಗಂತೂ ಗೊತ್ತೇ ಇರಲ್ಲ, ಅದೇ ನಿಮ್ಮ ಲಾಭ.

ಎಲ್ಲಿ ಹಾಕ್ಬೇಕು? ಸ್ಟಂಪ್ ಟು ಸ್ಟಂಪ್, ಅಂದ್ರೆ ಹೆಚ್ಚಂದ್ರೆ ಆಫ್ ಸ್ಟಂಪಿನ ಸ್ವಲ್ಪ ಹೊರಗೆ. ಮೂರು ಸ್ಟಂಪೂ ಸೇರಿ ಅಗಲ 9 ಇಂಚು ಅಷ್ಟೇ, 28 ಇಂಚು ಎತ್ತರ, ಇಷ್ಟರೊಳಗೆ ಬಾಲ್ ಇದ್ರೆ ಬ್ಯಾಟ್ಸ್‌ಮನ್ ಪ್ರತಿಯೊಂದನ್ನೂ ಆಡ್ಲೇಬೇಕು, ಮಿಸ್ ಆದ್ರೆ ಬೋಲ್ಡು ಇಲ್ಲಾ ಎಲ್‌ಬಿಡಬ್ಲ್ಯೂ. ಲೆಂಗ್ತ್ ಅಂದ್ರೆ ಮೀಡಿಯಂ ಪೇಸಿಗೆ ಬ್ಯಾಟ್ಸ್‌ಮನ್ ಸ್ಟಂಪಿಂದ ಸುಮಾರು ಆರು ಮೀಟರ್, ಸ್ಪಿನ್ನಿಗೆ ಮೂರರಿಂದ ನಾಲ್ಕು ಮೀಟರ್, ಪಿಚ್ಚಲ್ಲಿ ಬಾಲ್ ನಿಂತು ಬರ್ತಿದ್ರೆ ಇನ್ನೂ ಸ್ವಲ್ಪ ಮುಂದೆ. ಪ್ರಾಕ್ಟೀಸಲ್ಲಿ ಆ ಜಾಗದಲ್ಲಿ ಒಂದು ಹಳೇ ಟವೆಲ್ ಹಾಸಿ, ಬ್ಯಾಟ್ಸ್‌ಮನ್ ಇಲ್ಲದೆ 24 ಬಾಲ್ ಹಾಕಿ, ಎಷ್ಟು ಟವೆಲ್ ಮೇಲೆ ಬಿತ್ತು ಅಂತ ಬರ್ಕೊಳ್ಳಿ. 24 ಯಾಕಂದ್ರೆ ಅದು ನಿಮ್ಮ ನಾಲ್ಕು ಓವರ್ ಕೋಟಾ. ಮೊದಲ ದಿನ ಐದಾರು ಬಿದ್ರೆ ಅದೇ ದೊಡ್ಡದು, ವಾರಕ್ಕೆ ಎರಡು ದಿನ ಹಿಡಿದು ಕೂತ್ರೆ ಎರಡು ತಿಂಗಳಲ್ಲಿ ವ್ಯತ್ಯಾಸ ನಿಮ್ಮ ಬುಕ್ಕಲ್ಲೇ ಕಾಣ್ಸುತ್ತೆ. ಹತ್ತರ ಆಸುಪಾಸು ಬರೋ ತನಕ ಯಾರ್ಕರ್, ಬೌನ್ಸರ್, ನಕಲ್ ಬಾಲ್ ಅಂತ ಏನನ್ನೂ ಮುಟ್ಟಬೇಡಿ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ಬೇಡ.

ಅದಾದ್ಮೇಲೆ ಒಂದೇ ಒಂದು ಸ್ಲೋ ಬಾಲ್ ಕಲೀರಿ. ನನಗೆ ಇಷ್ಟ ಆಫ್ ಕಟ್ಟರ್, ಬಲಗೈ ಬೌಲರ್ ಆದ್ರೆ ತೋರುಬೆರಳನ್ನ ಬಾಲಿನ ಬಲಗಡೆ ಮೇಲಿಂದ ಕೆಳಕ್ಕೆ ಎಳೀಬೇಕು, ಕೈ ಬೀಸೋ ವೇಗ ಮಾತ್ರ ಕಮ್ಮಿ ಆಗಬಾರದು. ಕೈ ನಿಧಾನ ಆದ್ರೆ ಬ್ಯಾಟ್ಸ್‌ಮನ್‌ಗೆ ದೂರದಿಂದಲೇ ಗೊತ್ತಾಗುತ್ತೆ.

ಫೀಲ್ಡ್ ನೀವೇ ಕೇಳಿ ಹಾಕಿಸ್ಕೊಳ್ಳಿ, ಕ್ಯಾಪ್ಟನ್‌ಗೆ ಬಿಟ್ಟು ಸುಮ್ನೆ ನಿಲ್ಲಬೇಡಿ. ಸ್ಟಂಪ್ ಲೈನಿಗೆ ಹಾಕೋನಿಗೆ ಲಾಂಗ್ ಆನ್, ಡೀಪ್ ಮಿಡ್‌ವಿಕೆಟ್, ಡೀಪ್ ಸ್ಕ್ವೇರ್ ಲೆಗ್ ಬೇಕು, ಆಫ್ ಸೈಡಲ್ಲಿ ಪಾಯಿಂಟ್, ಕವರ್ ಒಳಗೆ ನಿಂತು ಸಿಂಗಲ್ ತಡೀಬೇಕು. ನಿಮ್ಮ ಲೈನ್ ಏನು ಅಂತ ನಿಮಗೆ ಗೊತ್ತಿದ್ರೆ ಫೀಲ್ಡ್ ತಾನಾಗೇ ಬರುತ್ತೆ.

ಸ್ಪೀಡ್ ಇಲ್ಲ ಅಂತ ಕೊರಗೋರಿಗೆ ಒಂದು ಮಾತು. 1983ರ ವಿಶ್ವಕಪ್ ಫೈನಲ್ಲಲ್ಲಿ ವೆಸ್ಟ್ ಇಂಡೀಸನ್ನ 140ಕ್ಕೆ ಆಲ್ ಔಟ್ ಮಾಡಿದಾಗ ಮೊಹಿಂದರ್ ಅಮರ್‌ನಾಥ್ ಹಾಕಿದ್ದು 7 ಓವರ್, ಕೊಟ್ಟಿದ್ದು 12 ರನ್, ತೆಗೆದಿದ್ದು 3 ವಿಕೆಟ್. ಅವರು ಓಡಿ ಬರ್ತಿದ್ದಿದ್ದು ಆರಾಮಾಗಿ ವಾಕಿಂಗಿಗೆ ಬಂದಂಗೆ. ಆ ಟೂರ್ನಮೆಂಟಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದಿದ್ದು ರೋಜರ್ ಬಿನ್ನಿ, ಅವರೂ ಮೀಡಿಯಂ ಪೇಸ್ ಆಲ್‌ರೌಂಡರೇ.

ಹೆಜ್ಜೆ 3: ಬ್ಯಾಟಿಂಗಲ್ಲಿ ಎರಡು ಪರಿಸ್ಥಿತಿಗೆ ಎರಡು ಪ್ಲಾನ್ ಇಟ್ಕೊಳ್ಳಿ

ಆರು ಏಳನೇ ನಂಬರಲ್ಲಿ ಇಳಿಯೋನಿಗೆ ಮ್ಯಾಚು ಎರಡೇ ಥರ ಸಿಗೋದು, ಒಂದೋ 35ಕ್ಕೆ 5 ಹೋಗಿ ಇನ್ನೂ 12 ಓವರ್ ಬಾಕಿ ಇರುತ್ತೆ, ಇಲ್ಲಾಂದ್ರೆ ಎಲ್ಲಾ ಚೆನ್ನಾಗಿದ್ದು ಕೊನೇ ಒಂಬತ್ತು ಬಾಲಿಗೆ ಕಳಿಸ್ತಾರೆ. ಈ ಎರಡಕ್ಕೂ ಒಂದೇ ಥರ ಆಡೋರು ಜಾಸ್ತಿ, ಮೊದಲ ಬಾಲೇ ಎತ್ತಿ ಹೊಡೆಯೋದು. ಕೊನೇ ಒಂಬತ್ತು ಬಾಲಿನ ವಿಷ್ಯ ಸುಲಭ, ಅಲ್ಲಿ ಹೊಡೀಲೇಬೇಕು, ನಿಮಗೆ ಕೈ ಬರೋ ಒಂದು ಏರಿಯಾ ಆರಿಸ್ಕೊಂಡು, ಹೆಚ್ಚಿನವರಿಗೆ ಅದು ಮಿಡ್‌ವಿಕೆಟ್ಟಿಂದ ಲಾಂಗ್ ಆನ್ ತನಕ, ತಲೆ ಅಲುಗಾಡಿಸ್ದೆ ಅಲ್ಲಿಗೆ ಬೀಸಿ. ಔಟಾದ್ರೂ ಯಾರೂ ಬೈಯ್ಯಲ್ಲ.

ಕಷ್ಟ ಇರೋದು ಮೊದಲನೇದರಲ್ಲಿ. ಆಲ್‌ರೌಂಡರಿನ ಬೆಲೆ ಗೊತ್ತಾಗೋದೂ ಅಲ್ಲೇ.

1983ರ ಜೂನ್ 18ಕ್ಕೆ ಟನ್‌ಬ್ರಿಡ್ಜ್ ವೆಲ್ಸಲ್ಲಿ ಜಿಂಬಾಬ್ವೆ ಮೇಲೆ ಭಾರತ 17ಕ್ಕೆ 5 ಆಗಿದ್ದು, ಕಪಿಲ್ ದೇವ್ ಔಟಾಗದೆ 175 ಹೊಡ್ದಿದ್ದು ಎಲ್ಲರಿಗೂ ಬಾಯಿಪಾಠ. ಆದ್ರೆ ನಾವು ಆ ಇನ್ನಿಂಗ್ಸಲ್ಲಿ ನೋಡಿ ಕಲೀಬೇಕಿರೋದು ಇನ್ನೊಂದು ತುದೀಲಿ ನಿಂತೋರನ್ನ. ರೋಜರ್ ಬಿನ್ನಿ 22 ಹೊಡ್ದು 77ರ ತನಕ ಜೊತೆ ಕೊಟ್ರು, ಆಮೇಲೆ 140ಕ್ಕೆ 8 ಹೋದ್ಮೇಲೆ ಸೈಯದ್ ಕಿರ್ಮಾನಿ ಬಂದು ಔಟಾಗದೆ 24 ಹೊಡೆದ್ರು, ಕಪಿಲೂ ಅವರೂ ಸೇರಿ ಮುರಿಯದ ಒಂಬತ್ತನೇ ವಿಕೆಟ್ಟಿಗೆ 126 ಸೇರಿಸಿದ್ರು, ಟೀಮು 266 ಮುಟ್ತು, 31 ರನ್ನಿಂದ ಗೆಲ್ತು. ಆ 24 ಇಲ್ದೆ ಆ 175 ಇಲ್ಲ. ನೂರಕ್ಕೆ ತೊಂಬತ್ತು ಸಲ ನಿಮ್ಮ ಕೈಗೆ ಬರೋದು ಕಿರ್ಮಾನಿ ಕೆಲಸವೇ, ಅದನ್ನ ಖುಷಿಯಿಂದ ಮಾಡೋನು ಟೀಮಲ್ಲಿ ಒಬ್ಬ ಇರ್ಬೇಕು.

ಹಾಗಾಗಿ 35ಕ್ಕೆ 5 ಇದ್ದಾಗ ಹೀಗೆ ಮಾಡಿ. ಒಳಗೆ ಹೋಗೋ ದಾರೀಲೇ ಫೀಲ್ಡರ್‌ಗಳನ್ನ ಎಣಿಸಿ, ಸಿಂಗಲ್ ಎಲ್ಲಿದೆ ಅಂತ ನೋಡಿ, ಎದುರಿಗಿರೋ ಬ್ಯಾಟ್ಸ್‌ಮನ್ ಹತ್ರ ಬಾಲ್ ಏನ್ ಮಾಡ್ತಿದೆ ಅಂತ ಕೇಳಿ. ಮೊದಲ ಆರು ಬಾಲ್ ಬ್ಯಾಟ್ ನೇರ, ಮಿಡ್ ಆನ್ ಮಿಡ್ ಆಫ್ ನಡುವೆ ಮಾತ್ರ, ಸ್ಕೋರ್ ಒಂದೇ ಬಂದ್ರೂ ಪರವಾಗಿಲ್ಲ. ಆಮೇಲೆ ಓವರಿಗೆ ನಾಲ್ಕು ಸಿಂಗಲ್ ಅನ್ನೋ ಗುರಿ, ಹನಿ ಹನಿ ಗೂಡಿದ್ರೆ ಹಳ್ಳ, ಕೆಟ್ಟ ಬಾಲ್ ಬಂದ್ರೆ ಮಾತ್ರ ಬೌಂಡರಿ, ಮತ್ತೆ ಅಮೆಚೂರ್ ಕ್ರಿಕೆಟಲ್ಲಿ ಓವರಿಗೊಂದು ಕೆಟ್ಟ ಬಾಲ್ ಬಂದೇ ಬರುತ್ತೆ, ಕಾಯೋ ತಾಳ್ಮೆ ಬೇಕು ಅಷ್ಟೇ. ಓವರಿಗೆ ನಾಲ್ಕು ಸಿಂಗಲ್, ಒಂದು ಫೋರ್, 8 ರನ್ ಆಯ್ತು ನೋಡಿ, 12 ಓವರಿಗೆ 96, 35 ಸೇರಿಸಿದ್ರೆ 131. 35ಕ್ಕೆ 5 ಇಂದ 131 ಅಂದ್ರೆ ಬೌಲಿಂಗ್ ಮಾಡೋಕೆ ಏನೋ ಒಂದು ಸಿಕ್ತು.

ಓಟದ ಬಗ್ಗೆ ಯಾರೂ ಪ್ರಾಕ್ಟೀಸ್ ಮಾಡಲ್ಲ, ನನಗೆ ಇದು ಯಾವಾಗ್ಲೂ ಆಶ್ಚರ್ಯ. ಪಿಚ್ 22 ಗಜ, ಅಂದ್ರೆ 66 ಅಡಿ, ಆದ್ರೆ ಎರಡೂ ಕಡೆ ಪಾಪಿಂಗ್ ಕ್ರೀಸ್ ಸ್ಟಂಪಿಗಿಂತ 4 ಅಡಿ ಮುಂದೆ ಇರೋದ್ರಿಂದ ಕ್ರೀಸಿಂದ ಕ್ರೀಸಿಗೆ 58 ಅಡಿ ಮಾತ್ರ. ಅದರಲ್ಲೂ ಕೈ ಚಾಚಿ ಬ್ಯಾಟ್ ನೆಲಕ್ಕೆ ಊರಿ ಜಾರಿಸಿದ್ರೆ ಇನ್ನೂ ನಾಲ್ಕೈದು ಅಡಿ ಉಳಿಯುತ್ತೆ. ಎರಡು ರನ್ ಓಡುವಾಗ ತಿರುಗೋ ಜಾಗ ಗಮನಿಸಿ. ಬಾಲ್ ಎಡಗಡೆ ಹೋಗಿದ್ರೆ ಎಡಗಡೆಗೆ ಮುಖ ಬರೋ ಹಾಗೆ ಬ್ಯಾಟನ್ನ ಆ ಕೈಯಿಂದ ಈ ಕೈಗೆ ಬದಲಾಯಿಸ್ಕೊಳ್ಳಿ, ಮಂಡಿ ಬಗ್ಗಿಸಿ ಮೈ ಕೆಳಗಿಳಿಸಿ, ಬ್ಯಾಟಿನ ತುದಿ ಮಾತ್ರ ಗೆರೆ ದಾಟ್ಲಿ, ಎರಡೂ ಕಾಲು ಹೊರಗೇ ಇರ್ಲಿ, ಆಗ ತಿರುಗೋದು ಮತ್ತೆ ಓಡೋದು ಒಂದೇ ಚಲನೆ ಆಗುತ್ತೆ. ಬಾಲಿಗೆ ಬೆನ್ನು ಹಾಕಿ ತಿರುಗಿದ್ರೆ ಫೀಲ್ಡರ್ ಬಾಲ್ ಎತ್ತಿದ್ನಾ ಇಲ್ವಾ ಗೊತ್ತಾಗೋಷ್ಟರಲ್ಲಿ ತಡ. ಯೆಸ್, ನೋ, ವೇಯ್ಟ್, ಈ ಮೂರು ಬಿಟ್ಟು ನಾಲ್ಕನೇ ಮಾತು ಬೇಡ, ಮತ್ತೆ ಅದನ್ನ ಗಟ್ಟಿಯಾಗಿ ಕೂಗಿ. ಪ್ಯಾಡ್ ಕಟ್ಕೊಂಡು ವಾರಕ್ಕೊಮ್ಮೆ ಆರು ಸಲ ಮೂರು ರನ್ ಓಡಿ ನೋಡಿ, ಮ್ಯಾಚಲ್ಲಿ ಕಾಲು ಎಲ್ಲಿ ಸೋಲುತ್ತೆ ಅಂತ ಗೊತ್ತಾಗುತ್ತೆ.

ಹೆಜ್ಜೆ 4: ಫೀಲ್ಡಿಂಗನ್ನ ಮೂರನೇ ಆಟ ಅಂತ ಲೆಕ್ಕ ಹಾಕಿ

ಬ್ಯಾಟಿಂಗ್ ಬೌಲಿಂಗ್ ಎರಡೂ ಕೈ ಕೊಟ್ಟ ದಿನವೂ ಇದು ನಿಮ್ಮ ಕೈಯಲ್ಲೇ ಇರುತ್ತೆ. ಬೌಲರ್ ಓಡಿ ಬರುವಾಗ ನೀವು ಎರಡು ಹೆಜ್ಜೆ ಮುಂದೆ ನಡೀತಿರ್ಬೇಕು, ಬಾಲ್ ಬ್ಯಾಟಿಗೆ ತಾಗೋ ಹೊತ್ತಿಗೆ ಎರಡೂ ಪಾದ ಸಮ ಊರಿ, ಮಂಡಿ ಸ್ವಲ್ಪ ಬಗ್ಗಿ, ಕೈ ಮುಂದೆ. ಸುಮ್ನೆ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತೋನಿಗೂ ಹೀಗೆ ನಿಂತೋನಿಗೂ ಎರಡು ಗಜ ವ್ಯತ್ಯಾಸ, ಆ ಎರಡು ಗಜದಲ್ಲೇ ಸಿಂಗಲ್ ನಿಲ್ಲೋದು.

ಎತ್ತರದ ಕ್ಯಾಚಲ್ಲಿ ಮೊದಲು ಓಡಿ, ಜಾಗಕ್ಕೆ ಹೋಗಿ ಆಮೇಲೆ ಕೈ ಎತ್ತಿ, ಕೈ ಚಾಚ್ಕೊಂಡೇ ಓಡಿದ್ರೆ ವೇಗ ಬರಲ್ಲ, ತಲೆನೂ ಅಲುಗಾಡುತ್ತೆ. ನನ್ನದು ಅಂತ ಮೊದಲು ಕೂಗಿದೋನೇ ಹಿಡೀಬೇಕು, ಇಬ್ಬರ ನಡುವೆ ಬಿದ್ದ ಕ್ಯಾಚಿನಷ್ಟು ಹೊಟ್ಟೆ ಉರಿಸೋದು ಇನ್ನೊಂದಿಲ್ಲ. 83ರ ಫೈನಲ್ಲಲ್ಲಿ ಮದನ್ ಲಾಲ್ ಬಾಲಲ್ಲಿ ವಿವ್ ರಿಚರ್ಡ್ಸ್ 33 ಹೊಡ್ದಿದ್ದಾಗ ಮೇಲೆತ್ತಿದ ಬಾಲನ್ನ ಕಪಿಲ್ ಹಿಂದಕ್ಕೆ ಓಡ್ತಾ ಓಡ್ತಾ ಹಿಡಿದಿದ್ದನ್ನ ಮತ್ತೊಮ್ಮೆ ನೋಡಿ, ಕೈ ಮೇಲೆ ಬರೋದು ಕೊನೇ ಗಳಿಗೇಲಿ ಮಾತ್ರ. ವಾರಕ್ಕೆ 50 ಕ್ಯಾಚ್ ಅಭ್ಯಾಸ ಮಾಡಿ, ಅದರಲ್ಲಿ ಕೊನೇ 10 ಸುಸ್ತಾಗಿ ಉಸಿರು ಬಿಡ್ತಿರುವಾಗ.

ಮತ್ತೆ ಬ್ಯಾಕಪ್. ಯಾರೇ ಸ್ಟಂಪಿಗೆ ಎಸೆದ್ರೂ ಅದರ ಹಿಂದೆ 15 ಗಜ ಬಿಟ್ಟು ಒಬ್ಬ ಇರ್ಬೇಕು, ಆ ಒಬ್ಬ ನೀವಾಗಿ. ಇದನ್ನ ಯಾರೂ ಬರ್ಕೊಳಲ್ಲ, ಸ್ಕೋರ್ ಬುಕ್ಕಲ್ಲಿ ಕಾಲಮ್ಮೂ ಇಲ್ಲ, ಕ್ಯಾಪ್ಟನ್ ಮಾತ್ರ ನೋಡಿರ್ತಾನೆ.

ಹೆಜ್ಜೆ 5: ಸುಸ್ತಾದ ಮೇಲೆ ಪ್ರಾಕ್ಟೀಸ್ ಮಾಡಿ, ಆದ್ರೆ ಮೈ ಮುರ್ಕೋಬೇಡಿ

ನೆಟ್ಸಲ್ಲಿ ಎಲ್ಲರೂ ಫ್ರೆಶ್ ಆಗಿದ್ದಾಗ ಬ್ಯಾಟ್ ಮಾಡ್ತಾರೆ. ನಿಮ್ಮ ಮ್ಯಾಚು ಹಾಗಿರಲ್ಲ, ಫೀಲ್ಡಿಂಗ್ ಮಾಡಿ ನಾಲ್ಕು ಓವರ್ ಹಾಕಿ ಆಮೇಲೆ ಪ್ಯಾಡ್ ಕಟ್ಟೋದು. ಹಾಗಾಗಿ ವಾರಕ್ಕೊಂದು ದಿನ 24 ಬಾಲ್ ಹಾಕಿ, ಹತ್ತು ನಿಮಿಷ ಬಿಟ್ಟು, ಬ್ಯಾಟ್ ಹಿಡೀರಿ, ಮತ್ತೆ ಎಸೆಯೋನಿಗೆ 10 ಬಾಲಿಗೆ 14 ಬೇಕು ಅನ್ನೋ ಥರ ಟಾರ್ಗೆಟ್ ಹೇಳಿ ಆಡಿ. ಸುಮ್ನೆ ಅರ್ಧ ಗಂಟೆ ಬೀಸೋದಕ್ಕಿಂತ ಈ 10 ಬಾಲ್ ಮೇಲು.

ಎರಡು ಕೆಲಸ ಮಾಡೋ ಮೈಗೆ ಎರಡು ಪಟ್ಟು ಭಾರ ಬೀಳುತ್ತೆ ಅನ್ನೋದನ್ನ ಮರೀಬೇಡಿ. ಫಾಸ್ಟ್ ಹಾಕೋ ಹುಡುಗರಿಗೆ ಸೊಂಟದ ಹತ್ರದ ಬೆನ್ನು ಮೂಳೇಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದ್ರೆ ಪದೇ ಪದೇ ಭಾರ ಬಿದ್ದು ಬರೋ ಸಣ್ಣ ಬಿರುಕು, ಆಗೋದು ಈ ಆಟದಲ್ಲಿ ಹೊಸದಲ್ಲ, ಅದಕ್ಕೆ ಹೆಚ್ಚಾಗಿ ಕಾರಣ ಆಗೋದು ತಿಂಗಳುಗಟ್ಲೆ ಬೌಲಿಂಗೇ ಮಾಡದೆ ಇದ್ದಕ್ಕಿದ್ದಂಗೆ ಜಾಸ್ತಿ ಹಾಕೋದು. ಒಂದು ತಿಂಗಳು ಗ್ಯಾಪ್ ಆಗಿದ್ರೆ ಮೊದಲ ವಾರ ಎರಡು ಓವರ್, ಎರಡನೇ ವಾರ ಮೂರು, ಹೀಗೆ ಏರಿಸಿ. ಬೆನ್ನು ನೋವು ಒಂದೇ ಜಾಗದಲ್ಲಿ ಇದ್ದು, ಬೌಲಿಂಗ್ ಮಾಡಿದಾಗೆಲ್ಲಾ ಜಾಸ್ತಿ ಆಗ್ತಿದ್ರೆ ಮುಲಾಮು ಹಚ್ಚಿ ಆಡಬೇಡಿ, ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ. ಬಿಸಿಲಲ್ಲಿ ನೀರು ಬಾಯಾರಿಕೆ ಆಗೋ ಮುಂಚೆನೇ ಕುಡೀತಾ ಇರಿ. ಲೆದರ್ ಬಾಲ್ ಆದ್ರೆ ಹೆಲ್ಮೆಟ್ಟು ಗಾರ್ಡು ಇಲ್ದೆ ಇಳಿಯೋದೇ ಬೇಡ, ಬಾಲು 156ರಿಂದ 163 ಗ್ರಾಂ ಇರುತ್ತೆ, ಎಷ್ಟೇ ಸ್ಲೋ ಬೌಲರ್ ಆದ್ರೂ.

ಹೆಜ್ಜೆ 6: ಕ್ಯಾಪ್ಟನ್‌ಗೆ ನಿಮ್ಮ ಬಗ್ಗೆ ನಿಜ ಹೇಳಿ

ಹೊಸ ಬಾಲ್ ಹಾಕ್ತೀನಿ, ಮಧ್ಯದ ಓವರ್ ಹಾಕ್ತೀನಿ, ಆದ್ರೆ ಕೊನೇ ಎರಡು ಓವರಿಗೆ ಇನ್ನೂ ರೆಡಿ ಇಲ್ಲ, ಹೀಗೆ ಸ್ಪಷ್ಟವಾಗಿ ಹೇಳೋ ಆಟಗಾರ ಸಿಕ್ರೆ ಕ್ಯಾಪ್ಟನ್‌ಗೆ ಎಷ್ಟು ನಿರಾಳ ಅಂತ ನಾನು ಅನುಭವಿಸಿ ಹೇಳ್ತಿದೀನಿ. ಒಂದು ಸಲ ಟೀಮಲ್ಲಿ ಒಬ್ಬನ ಭುಜ ಎಳೀತಿತ್ತು, ಹೇಳಿದ್ರೆ ಜಾಗ ಹೋಗುತ್ತೆ ಅಂತ ಅವನು ಮುಚ್ಚಿಟ್ಟ, ಹದಿನೆಂಟನೇ ಓವರ್ ಕೊಟ್ವಿ, ಮೂರನೇ ಬಾಲಿಗೆ ಕೈ ಎತ್ತೋಕಾಗದೆ ನಿಂತ, ಉಳಿದ ಬಾಲ್ ಹಾಕೋಕೆ ಮೈ ಬಿಸಿಯಾಗದ ಇನ್ನೊಬ್ಬನನ್ನ ಕರೀಬೇಕಾಯ್ತು. ಆ ಮ್ಯಾಚ್ ಹೋಯ್ತು, ಅದಕ್ಕಿಂತ ನನಗೆ ಬೇಜಾರಾಗಿದ್ದು ಅವನು ಆಮೇಲೆ ಆರು ವಾರ ಆಡೋಕಾಗ್ಲಿಲ್ಲ ಅಂತ.

ಬಾಲ್ ಕೊಡ್ಲಿಲ್ಲ ಅಂತ ಮುಖ ಊದಿಸ್ಕೋಬೇಡಿ, ಆದ್ರೆ ಬಾಲ್ ಬರಬಹುದು ಅಂತ ಎಂಟನೇ ಓವರಿಂದಲೇ ಭುಜ ತಿರುಗಿಸ್ತಾ, ಪಕ್ಕದ ಫೀಲ್ಡರ್ ಜೊತೆ ಎರಡು ಮೂರು ಎಸೆತ ಹಾಕ್ಕೊಂಡು ರೆಡಿ ಇರಿ. ಬ್ಯಾಟಿಂಗ್ ನಂಬರ್ ಬದಲಾದ್ರೆ ಕೇಳಿ ಕಾರಣ ತಿಳ್ಕೊಳ್ಳಿ, ಮ್ಯಾಚ್ ಮುಗಿದ ಮೇಲೆ. ಬರ್ತೀನೋ ಇಲ್ವೋ ಅಂತ ಎರಡು ದಿನ ಮುಂಚೆ ಹೇಳಿ, ಹೇಳಿದ ಟೈಮಿಗೆ ಬನ್ನಿ. ಹತ್ತು ಜನ ಇದ್ದು ಹನ್ನೊಂದನೆಯವನಿಗೆ ಫೋನ್ ಮಾಡ್ತಾ ಟಾಸಿಗೆ ಹೋಗೋ ಕ್ಯಾಪ್ಟನ್ ಸಂಕಟ ಯಾರಿಗೂ ಬೇಡ.

ಅಮೆಚೂರ್ ಮ್ಯಾಚಲ್ಲಿ ಎಷ್ಟೋ ಸಲ ಬ್ಯಾಟಿಂಗ್ ಸೈಡಿನವರೇ ಅಂಪೈರಿಂಗೂ ಸ್ಕೋರಿಂಗೂ ಮಾಡ್ಬೇಕಾಗುತ್ತೆ, ರೂಲ್ಸ್ ಗೊತ್ತಿರೋನು ಇದ್ರೆ ಜಗಳ ಅರ್ಧ ಕಮ್ಮಿ. ಮುಖ್ಯವಾಗಿ ಇಷ್ಟು ನೆನಪಿರ್ಲಿ. 2017ರಿಂದ, ಪಿಚ್ ಆಗದೆ ಸೊಂಟಕ್ಕಿಂತ ಮೇಲೆ ಬಂದ ಬಾಲ್ ಸ್ಪಿನ್ನರ್ ಹಾಕಿದ್ರೂ ನೋಬಾಲೇ, ಪಾಪಿಂಗ್ ಕ್ರೀಸಿಗೆ ಮುಟ್ಟೋ ಮುಂಚೆ ಒಂದಕ್ಕಿಂತ ಹೆಚ್ಚು ಸಲ ಪುಟಿದ್ರೂ ನೋಬಾಲೇ. 2022ರಿಂದ, ಕ್ಯಾಚ್ ಔಟ್ ಆದ್ರೆ ಬ್ಯಾಟ್ಸ್‌ಮನ್‌ಗಳು ಕ್ರಾಸ್ ಆಗಿದ್ರೂ ಹೊಸಬನೇ ಸ್ಟ್ರೈಕಿಗೆ ಬರ್ಬೇಕು, ಓವರ್ ಮುಗಿದಿದ್ರೆ ಮಾತ್ರ ಬೇರೆ. ಬಾಲಿಗೆ ಎಂಜಲು ಹಚ್ಚೋ ಹಾಗೂ ಇಲ್ಲ, ಬೆವರು ಓಕೆ. ಟೂರ್ನಮೆಂಟಿಗೆ ತನ್ನದೇ ರೂಲ್ಸ್ ಇದ್ರೆ ಟಾಸಿಗೆ ಮುಂಚೆ ಓದಿ.

ಹೆಜ್ಜೆ 7: ಒಂದು ಕೈ ಕೊಟ್ಟ ದಿನ ಇನ್ನೊಂದನ್ನ ಕೆಡಿಸ್ಕೋಬೇಡಿ

ಇದು ಹೇಳೋಕೆ ಸುಲಭ, ಮಾಡೋಕೆ ತುಂಬಾ ಕಷ್ಟ. ಸೊನ್ನೆಗೆ ಔಟಾಗಿ ಬಂದೋನು ಹತ್ತು ನಿಮಿಷದಲ್ಲಿ ಬಾಲ್ ಹಿಡೀಬೇಕಾಗುತ್ತೆ, ತಲೇಲಿ ಇನ್ನೂ ಆ ಔಟಾದ ಶಾಟೇ ಓಡ್ತಿರುತ್ತೆ, ಸಿಟ್ಟಲ್ಲಿ ಜೋರಾಗಿ ಹಾಕೋಕೆ ಹೋಗಿ ಮೊದಲ ಓವರಲ್ಲೇ ಮೂರು ವೈಡು. ನಾನು ಹೇಳಿದ ಆ ಏಳನೇ ನಂಬರಿನವನಿಗೆ ಇದಕ್ಕೊಂದು ರೂಢಿ ಇತ್ತು. ಔಟಾಗಿ ಬಂದ್ರೆ ಪ್ಯಾಡು, ಗ್ಲೌಸು, ಗಾರ್ಡು ಎಲ್ಲಾ ಬಿಚ್ಚಿ ಒಂದೊಂದೇ ಕಿಟ್ ಬ್ಯಾಗಲ್ಲಿ ಜೋಡಿಸಿಡೋನು, ಗ್ಲೌಸ್ ಒಳಗಿನ ಬೆವರು ಒರೆಸಿ ಬೆರಳು ಬಿಡಿಸಿ ಬಿಸಿಲಿಗೆ ಮೇಲೆ ಇಡೋನು, ಕೊನೇಗೆ ಜಿಪ್ ಎಳೆಯೋನು. ಅಲ್ಲಿ ತನಕ ಯಾರಾದ್ರೂ ಮಾತಾಡ್ಸಿದ್ರೆ ಬರೀ ತಲೆ ಆಡಿಸೋನು. ಜಿಪ್ ಎಳೆದ ಮೇಲೆ ಬಾಟಲಿ ಎತ್ಕೊಂಡು ಬೌಂಡರಿ ಹತ್ರ ಬಂದು ಕೂತು, ಒಳಗೆ ಆಡ್ತಿರೋರಿಗೆ ಚಪ್ಪಾಳೆ ತಟ್ಟೋನು, ಬ್ಯಾಟಿಂಗ್ ಅವನಿಗೆ ಅಲ್ಲಿಗೆ ಮುಗೀತು. ನಿಮಗೆ ಬೇರೆ ಏನೋ ಒಂದು ಇರಬಹುದು, ಮೈದಾನ ಒಂದು ಸುತ್ತು ಹೊಡೆಯೋದು, ಮುಖಕ್ಕೆ ನೀರು ಹಾಕ್ಕೊಳ್ಳೋದು, ಆದ್ರೆ ಒಂದು ಇರ್ಲಿ, ಪ್ರತಿ ಸಲವೂ ಅದೇ ಇರ್ಲಿ.

ಕೊನೇಗೆ ಒಂದು ಸಣ್ಣ ನೋಟ್‌ಬುಕ್ಕು. ಮ್ಯಾಚ್ ಮುಗಿದ ರಾತ್ರಿನೇ ಐದು ಸಾಲು ಬರೀರಿ: ಎಷ್ಟು ಬಾಲ್ ಆಡಿದೆ ಅದರಲ್ಲಿ ಡಾಟ್ ಎಷ್ಟು, ಹೇಗೆ ಔಟಾದೆ, ವೈಡ್ ನೋಬಾಲ್ ಎಷ್ಟು, ಕೈಗೆ ಬಂದ ಕ್ಯಾಚಲ್ಲಿ ಎಷ್ಟು ಹಿಡ್ದೆ, ಕ್ಯಾಪ್ಟನ್ ಯಾವ ಹೊತ್ತಲ್ಲಿ ನನಗೆ ಬಾಲ್ ಕೊಟ್ಟ. ಕೊನೇ ಸಾಲನ್ನ ಬಿಡಬೇಡಿ. ಸೀಸನ್ ಶುರುವಲ್ಲಿ ಅಲ್ಲಿ ಬರೀ ಒಂಬತ್ತನೇ ಓವರ್, ಗೆದ್ದಾಯ್ತು ಅನ್ನೋ ಹೊತ್ತಿನ ಓವರ್ ಅಂತ ಇರುತ್ತೆ, ಹತ್ತು ಹನ್ನೆರಡು ಮ್ಯಾಚ್ ಆದ್ಮೇಲೆ ಪುಟ ತಿರುಗಿಸಿದ್ರೆ ಹದಿನಾರನೇ ಓವರು, ಸೆಟ್ ಆದ ಬ್ಯಾಟ್ಸ್‌ಮನ್, 30 ಬಾಲಿಗೆ 40 ಬೇಕಿತ್ತು ಅಂತ ಬರೆಯೋ ದಿನ ಬರುತ್ತೆ.